ಎಣಿಕೆ ಎಲ್ಲಿಂದ ಶುರು?

ಇಂಡಿ ತಾಲ್ಲೂಕಿನ ಸಾಲೋಟಗಿ. ಮಾತಾಡುವವರು ಇಬ್ಬರು. ಒಬ್ಬರು ನಿಂಬೆ ತೋಟದ ರೈತರು. ಹರೆಯದಲ್ಲಿ ಖೋ ಖೋ ಆಡಿದವರು, ಈಗ ಊರಿಗೆಲ್ಲ ಕಾಕಾ. ಇನ್ನೊಬ್ಬರು ಪ್ರೌಢಶಾಲೆಯ ದೈಹಿಕ ಶಿಕ್ಷಕರು, ಬಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಸೀಟಿ ಊದುವವರು. ಕಾಕಾರ ಮೊಮ್ಮಗಳು ಹಾಕಿದ ಒಂದು ಬುಟ್ಟಿ ‘ಟ್ರಾವೆಲಿಂಗ್’ ಎಂದು ರದ್ದಾಗಿದೆ. ಅದಕ್ಕೆ ಸೀಟಿ ಊದಿದವರು ಈ ಮಾಸ್ತರಲ್ಲ, ಬೇರೆ ಯಾರೋ. ಆದರೆ ಜಗಳಕ್ಕೆ ಕೈಗೆ ಸಿಕ್ಕವರು ಇವರು. ನಮ್ಮ ಕಡೆ ಒಬ್ಬ ಅಂಪೈರ್ ಮಾಡಿದ್ದಕ್ಕೆ ಎಲ್ಲ ಅಂಪೈರ್‌ಗಳೂ ಜವಾಬು ಕೊಡಬೇಕಾಗುತ್ತದೆ.

ಕಾಕಾ: ಎರಡು ಹೆಜ್ಜಿ ಮೀರಿದ್ರ ತಪ್ಪು ಅಂತ ನೀವ ಹುಡುಗೂರಿಗೆ ಕಲಿಸೀರಿ. ನಮ್ಮ ಹುಡುಗಿ ಎರಡ ಇಟ್ಟಾಳ. ನಾ ಕಣ್ಣಾರೆ ಎಣಸೀನಿ. ಬುಟ್ಟಿ ಬಿತ್ತು, ಮಂದಿ ಚಪ್ಪಾಳಿ ಹೊಡದ್ರು. ಅಷ್ಟರಾಗ ಆ ಮನಷ್ಯಾ ಸೀಟಿ ಊದಿ ಎರಡೂ ಮುಷ್ಟಿ ಗರಗರ ತಿರುವಿದ. ಯಾಕ?

ಮಾಸ್ತರು: ಎಲ್ಲಿಂದ ಎಣಸಿದ್ರಿ ಕಾಕಾ?

ಕಾಕಾ: ಎಲ್ಲಿಂದ ಅಂದ್ರ? ಮೊದಲನೇ ಹೆಜ್ಜಿಯಿಂದ.

ಮಾಸ್ತರು: ಯಾವುದು ಮೊದಲನೇದು ಅನ್ನೂದ ಇಡೀ ತಕರಾರು. ಎರಡರ ತನಕ ಎಣಸೂದು ಒಂದನೇತ್ತೆ ಹುಡುಗನಿಗೂ ಬರತೈತಿ. ರೆಫ್ರಿ ಕೆಲಸ ಎಣಸೂದಲ್ಲ, ಎಲ್ಲಿಂದ ಎಣಸಬೇಕು ಅಂತ ಹಿಡಿಯೂದು. ಚೆಂಡು ಆಕಿ ಹಿಡಿತಕ್ಕ ಬಂದ ಗಳಿಗ್ಯಾಗ ಯಾವ ಕಾಲು ನೆಲದ ಮ್ಯಾಲಿತ್ತು? ಅದನ್ನ ನೋಡಿದವನಿಗೆ ಉತ್ತರ ಗೊತ್ತು. ಬರೇ ಕಾಲು ನೋಡಿದವನಿಗೆ ಗೊತ್ತಾಗೂದಿಲ್ಲ.

ಕಾಕಾ: ಕಾಲಿಂದ ಆಗೂ ತಪ್ಪಿಗೆ ಕೈ ನೋಡಬೇಕೇನು?

ಮಾಸ್ತರು: ಕೈ ಮತ್ತು ಕಾಲು, ಎರಡೂ. ನೀವು ಖೋ ಖೋ ಆಡಿದವರು, ನಿಮಗ ತಿಳೀತೈತಿ. ಅಟ್ಟಿಸಿಕೊಂಡು ಹೋಗಾಂವ ಒಮ್ಮೆ ದಿಕ್ಕು ಹಿಡಿದ ಅಂದ್ರ ಕಂಬ ಮುಟ್ಟೂತನ ಹಿಂದ ಹೊಳ್ಳಬಾರದು. ಹೊಳ್ಳಿದ್ನೋ ಇಲ್ಲೋ ಅನ್ನೂದು ಜಗಳ ಅಲ್ಲ. ಯಾವಾಗ ದಿಕ್ಕು ಹಿಡಿದ ಅನ್ನೂದು ಜಗಳ. ಹೌದಿಲ್ಲೋ?

ಕಾಕಾ: ಹೌದು. ಅಂಪೈರ ಭುಜ ನೋಡತಿದ್ದ. ನಾವು ಭುಜ ಒಂದ ಕಡೆ ತೋರಿಸಿ ಕಾಲು ಇನ್ನೊಂದ ಕಡೆ ಹಾಕತಿದ್ವಿ. (ನಗುತ್ತಾರೆ.) ಆದ್ರ ಒಂದು ಹೇಳ್ರಿ. ಈ ಆಟಕ್ಕ ಈ ಕಾಯ್ದೆ ಬೇಕಾಗಿತ್ತೇನು? ಚೆಂಡು ಹಿಡಕೊಂಡು ಓಡಿದ್ರ ಓಡಲಿ. ತಾಕತ್ತಿದ್ದಾಂವ ತಡೀಲಿ.

ಮಾಸ್ತರು: ‘ತಾಕತ್ತಿದ್ದಾಂವ ತಡೀಲಿ’ ಅಂದ್ರಲ್ಲ, ಅದ ಬ್ಯಾಡಾಗಿತ್ತು. 1891ರ ಡಿಸೆಂಬರ್‌ದಾಗ ಅಮೆರಿಕಾದ ಸ್ಪ್ರಿಂಗ್‌ಫೀಲ್ಡ್ ಅನ್ನೂ ಊರಾಗ ಜೇಮ್ಸ್ ನೈಸ್ಮಿತ್ ಅನ್ನೂ ಮಾಸ್ತರ ಈ ಆಟ ಕಟ್ಟಿದ. ಹೊರಗ ಚಳಿ, ಒಳಗ ಗಟ್ಟಿ ನೆಲ, ಹುಡುಗೂರು ತಡಬಡಸ್ತಿದ್ರು. ಫುಟ್‌ಬಾಲ್, ರಗ್ಬಿ ಒಳಗ ಆಡಿದ್ರ ಕೈಕಾಲು ಮುರೀತಾವು. ಆತ ಕೂತು ವಿಚಾರ ಮಾಡಿದ: ರಗ್ಬಿಯಾಗ ಒಬ್ಬರನ್ನೊಬ್ಬರು ಕೆಡವೂದು ಯಾಕ? ಚೆಂಡು ಹಿಡಕೊಂಡು ಓಡತಾರ, ಅದಕ್ಕ. ಓಡೂದ ಬಂದ್ ಮಾಡಿದ್ರ ಕೆಡವೂದ ಬೇಕಾಗೂದಿಲ್ಲ. ಆತ ಬರದ 13 ನಿಯಮದಾಗ ಮೂರನೇದು ಇದ. ಚೆಂಡು ಹಿಡಕೊಂಡು ಓಡಬಾರದು, ಹಿಡಿದ ಜಾಗಾದಿಂದನ ಎಸೀಬೇಕು. ದೂಡಬಾರದು, ಹಿಡೀಬಾರದು ಅನ್ನೂದು ಐದನೇದು. ಮೂರು ಇರದಿದ್ರ ಐದು ನಿಲ್ಲತಿದ್ದಿಲ್ಲ.

ಕಾಕಾ: ಹಂಗಾದ್ರ ಚೆಂಡು ಕುಟ್ಟಿಕೋತ ಓಡೂದು?

ಮಾಸ್ತರು: ಅದು ಆ 13ರಾಗ ಇರಲೇ ಇಲ್ಲ. ಆಟಗಾರರು ಆಮ್ಯಾಲ ಹುಡುಕಿದ್ದು. ನನಗ ಹೆಚ್ಚು ಮೆಚ್ಚುಗಿ ಆಗೂದು ಬ್ಯಾರೆ ಮಾತು. ಅದ ಮೂರನೇ ನಿಯಮದಾಗ ಇನ್ನೊಂದು ಸಾಲು ಐತಿ. ಜೋರಾಗಿ ಓಡತಿದ್ದಾಗ ಚೆಂಡು ಹಿಡಿದ ಮನಷ್ಯಾ ನಿಲ್ಲಾಕ ನೋಡತಿದ್ರ ಅವನಿಗೆ ತುಸು ರಿಯಾಯ್ತಿ ಕೊಡಬೇಕು ಅಂತ. ಓಡೂ ಮೈ ಒಮ್ಮೆಲೇ ನಿಲ್ಲೂದಿಲ್ಲ ಅನ್ನೂದು ಮೊದಲನೇ ದಿನಾನ ಆತಗ ಗೊತ್ತಿತ್ತು. ಆವತ್ತಿನಿಂದ ಇವತ್ತಿನತನ ಎಲ್ಲಾ ತಕರಾರು ಆ ‘ತುಸು’ ಅಂದ್ರ ಎಷ್ಟು ಅನ್ನೂದ್ರ ಮ್ಯಾಲ.

ಕಾಕಾ: ಈಗ ಎಷ್ಟು?

ಮಾಸ್ತರು: ಬಾಯಿಂದ ಹೇಳಿದ್ರ ತಲಿಗೆ ಹೋಗೂದಿಲ್ಲ. ಏಳ್ರಿ. ಮೊಮ್ಮಗಳ ಚೆಂಡು ಎಲ್ಲೈತಿ?

ಪಡಸಾಲೆಯ ಮೂಲೆಯಿಂದ ಚೆಂಡು ಬಂತು. ನಿಂಬೆ ಸಾಲುಗಳ ನಡುವೆ ಹರಗಿ ಬಿಟ್ಟ ನೆಲ, ಹಿಟ್ಟಿನಂಥ ಮಣ್ಣು. ಅಲ್ಲಿ ಚೆಂಡು ಪುಟಿಯುವ ಮಾತೇ ಇಲ್ಲ. ಆದರೆ ಕಾಲು ಇಟ್ಟಲ್ಲಿ ಐದೂ ಬೆರಳು ಮೂಡುತ್ತವೆ. ಕಾಕಾ ಕಾಲ್ಮರಿ ಬಿಟ್ಟು, ಧೋತರ ಮೇಲಕ್ಕೆ ಸಿಗಿಸಿ, ಈ ವಯಸ್ಸಿಗೆ ಸಾಕಷ್ಟು ಜೋರಾಗಿಯೇ ಓಡಿಬಂದರು. ಮಾಸ್ತರು ಎದುರಿನಿಂದ ಚೆಂಡು ಎಸೆದರು. ಕಾಕಾರ ಬಲಗಾಲು ಮಣ್ಣಿನಲ್ಲಿ ಊರಿರುವಾಗ ಚೆಂಡು ಎರಡೂ ಕೈಗೆ ಕೂತಿತು. ಆಮೇಲೆ ಎಡಗಾಲು, ಮತ್ತೆ ಬಲಗಾಲು, ಅಲ್ಲಿಂದ ಎಗರಿ ಚೆಂಡನ್ನು ನಿಂಬೆ ಗಿಡದ ಮೇಲೆ ಒಗೆದರು.

ಮಾಸ್ತರು: ನೆಲ ನೋಡ್ರಿ. ಬಲ, ಎಡ, ಬಲ. ಮೂರು ಗುರುತು. ತಪ್ಪೋ, ಸರಿಯೋ?

ಕಾಕಾ: ಮೂರು ಅಂದ್ರ ತಪ್ಪು.

ಮಾಸ್ತರು: ಸರಿ! ಚೆಂಡು ಬಂದಾಗ ನೆಲದ ಮ್ಯಾಲಿದ್ದ ಕಾಲು ಲೆಕ್ಕಕ್ಕಿಲ್ಲ. ಅದು ಸೊನ್ನಿ. ಜೀರೋ ಸ್ಟೆಪ್ ಅಂತಾರಲ್ಲ, ಅದ ಇದು. ಆಮ್ಯಾಲಿನ ಎಡಗಾಲು ಒಂದು, ಬಲಗಾಲು ಎರಡು. ಮುಂದಿನ ಕಾಲು ನೆಲಕ್ಕ ತಾಗೂದ್ರಾಗ ಚೆಂಡು ಕೈ ಬಿಟ್ಟಿರಬೇಕು. ಬಿಟ್ಟೀರಿ. ಈಗ ಇನ್ನೊಮ್ಮೆ ಬರ್ರಿ.

ಎರಡನೆಯ ಸಲ ಮಾಸ್ತರು ಚೆಂಡನ್ನು ಕಣ್ಣು ಪಿಳುಕಿಸುವಷ್ಟು ಮೊದಲೇ ಎಸೆದರು. ಕಾಕಾರ ಎರಡೂ ಕಾಲು ಗಾಳಿಯಲ್ಲಿದ್ದಾಗ ಚೆಂಡು ಕೈಗೆ ಬಂತು. ಬಲಗಾಲು ಇಳಿಯಿತು, ಎಡಗಾಲು ಇಳಿಯಿತು, ಬಲಗಾಲು ಇಳಿಯಿತು, ಎಗರಿದರು.

ಮಾಸ್ತರು: ಈಗ ನೋಡ್ರಿ. ಬಲ, ಎಡ, ಬಲ. ಅದ ಮೂರು ಗುರುತು, ಅಷ್ಟ ಅಂತರ. ಆದ್ರ ಇದು ಟ್ರಾವೆಲಿಂಗ್. ಚೆಂಡು ಹಿಡದಾಗ ನೆಲದ ಮ್ಯಾಲ ಕಾಲಿರಲಿಲ್ಲ, ಅದಕ್ಕ ಸೊನ್ನಿ ಇಲ್ಲ. ಇಳಿದ ಮೊದಲನೇ ಕಾಲ ಒಂದು. ಮೂರನೇ ಕಾಲು ಮೂರ.

ಕಾಕಾ ಕೆಳಗೆ ಕೂತು ಎರಡೂ ಸಾಲುಗಳ ಮೇಲೆ ಕೈಯಾಡಿಸಿದರು. ಚೆಂಡು ಯಾವಾಗ ಬಂತು ಎಂಬುದಕ್ಕೆ ಮಣ್ಣಿನಲ್ಲಿ ಗುರುತಿರಲಿಲ್ಲ. ನೂರು ಪುಟದ ನಿಯಮಾವಳಿಗಿಂತ ಈ ಆರು ಹೆಜ್ಜೆಗಳು ವಿಷಯವನ್ನು ಚೆನ್ನಾಗಿ ಹೇಳುತ್ತವೆ ಎಂದು ನನಗನ್ನಿಸುತ್ತದೆ. ಪ್ರೇಕ್ಷಕರ ಸಾಲಿನಲ್ಲಿ ಕೂತು ಕೂಗುವ ನಮ್ಮಲ್ಲಿ ಬಹಳ ಮಂದಿ ಮಣ್ಣಿನ ಹಾಗೆಯೇ ನೋಡುತ್ತಿರುತ್ತೇವೆ: ಕಾಲಷ್ಟೇ.

ಕಾಕಾ: ತಿಳೀತು. ಆದ್ರ ‘ಹಿಡಿತಕ್ಕ ಬಂತು’ ಅಂತ ಯಾರು ಹೇಳಬೇಕು? ಬೆರಳಿಗೆ ತಾಗಿದ್ರ ಬಂದಂಗೇನು?

ಮಾಸ್ತರು: ಇಲ್ಲ. ತಾಗೂದು ಬ್ಯಾರೆ, ಹಿಡಿತ ಬ್ಯಾರೆ. ಕುಟ್ಟಿಕೋತ ಬರಾಕಿ ಎರಡೂ ಕೈ ಕೂಡೇ ಚೆಂಡಿಗೆ ಹಚ್ಚಿದ್ರ ಅಲ್ಲಿಗೆ ಡ್ರಿಬಲ್ ಮುಗೀತು. ಇಲ್ಲಾ ಚೆಂಡು ಒಂದ ಅಂಗೈಯಾಗ ಬಂದು ಕೂತ್ರೂ ಮುಗೀತು. ಕೈ ಚೆಂಡಿನ ಕೆಳಗ ಹೋಗಿ ಅದನ್ನ ಹೊತ್ತುಕೊಂಡಂಗ ಕಾಣತೈತಲ್ಲ, ಆವಾಗ. ಅಲ್ಲಿಂದ ಹೆಜ್ಜಿ ಲೆಕ್ಕ ಶುರು. ಅಲ್ಲಿಂದ ಮತ್ತ ಕುಟ್ಟಿದ್ಲು ಅಂದ್ರ ಅದು ಡಬಲ್ ಡ್ರಿಬಲ್, ಬ್ಯಾರೆ ತಪ್ಪು.

ಕಾಕಾ: ಚೆಂಡು ಕೈಯಾಗ ನಿಲ್ಲದ ಜಿಗದಾಡಿದ್ರ? ನಮ್ಮ ಸಾಲಿ ಮೈದಾನ ನಿಮಗ ಗೊತ್ತಲ್ಲ. ಗರಸು ನೆಲ. ಒಂದು ಹರಳಿಗೆ ಬಡೀತಂದ್ರ ಚೆಂಡು ಮಕದ ಮ್ಯಾಲ ಬರತೈತಿ.

ಮಾಸ್ತರು: ಜಿಗದಾಡೂ ಹೊತ್ತಿನಾಗ ಎಷ್ಟ ಹೆಜ್ಜಿ ಇಟ್ರೂ ತಪ್ಪಿಲ್ಲ. ಹಿಡಿತನ ಇಲ್ಲ ಅಂದ ಮ್ಯಾಲ ಟ್ರಾವೆಲಿಂಗ್ ಎಲ್ಲಿಂದ ಬರಬೇಕು? ಕುಟ್ಟೂವಾಗಲೂ ಹಂಗ. ಚೆಂಡು ಕೈಗೆ ತಾಗದಾಗ ನೀವು ಎಷ್ಟ ಹೆಜ್ಜಿ ಹಾಕತೀರಿ ಅಂತ ಯಾರೂ ಕೇಳೂದಿಲ್ಲ. ಚೆಂಡು ಮುಂದಕ್ಕ ದೂಡಿ ಒಂದ ಪುಟಕ್ಕ ನಾಕು ಹೆಜ್ಜಿ ಓಡಾಕಿ ಮ್ಯಾಲ ಮಂದಿ ಸಿಟ್ಟಿಗೇಳತಾರ. ಆಕಿ ತಪ್ಪ ಮಾಡಿಲ್ಲ, ಜೋರಾಗಿ ಓಡ್ಯಾಳ ಅಷ್ಟ.

ಕಾಕಾ: ಹಂಗಾದ್ರ ಇದರಾಗ ತಪ್ಪು ಮಾಡಾವ್ರು ಯಾರು?

ಮಾಸ್ತರು: ನಿಂತ ಜಾಗಾದಾಗ ಮಾಡತಾರ! ಮಂದಿ ಎಲ್ಲಾ ರಿಂಗಿನ ಹತ್ತರ ಎಗರೂವಾಗ ಚೀರತಾರ. ನಮ್ಮ ಮೈದಾನದಾಗ ನಾ ಹೆಚ್ಚು ನೋಡೂದು ಬ್ಯಾರೆ ಕಡೆ. ಹುಡುಗಿ ಎರಡೂ ಕಾಲೂರಿ ಚೆಂಡು ಹಿಡಕೊಂಡು ನಿಂತಿರತಾಳ. ಆಕಿಗೆ ಸೊನ್ನಿ ಗಿನ್ನಿ ಏನೂ ಇಲ್ಲ. ಒಂದು ಕಾಲು ಎತ್ತಿದ್ಲು ಅಂದ್ರ ಇನ್ನೊಂದು ಪಿವಟ್, ನೆಲಕ್ಕ ಕೀಲು ಹಾಕಿದಂಗ. ಆ ಕಾಲಿನ ಮ್ಯಾಲ ಸುತ್ತ ತಿರಗಬಹುದು. ಆದ್ರ ಕುಟ್ಟಿಕೋತ ಹೊರಡಬೇಕಂದ್ರ ಪಿವಟ್ ಕಾಲು ಏಳೂದಕ್ಕ ಮೊದಲ ಚೆಂಡು ಕೈ ಬಿಟ್ಟಿರಬೇಕು. ಎದುರಿನಾಕಿನ್ನ ಯಾಮಾರಿಸೂ ಗಡಿಬಿಡಿಯಾಗ ಕಾಲು ಮೊದಲ ಏಳತೈತಿ, ಚೆಂಡು ಆಮ್ಯಾಲ ಬೀಳತೈತಿ. ಅರ್ಧ ಗೇಣಿನಷ್ಟ. ಅದ ಅರ್ಧ ಗೇಣಿನಾಗ ಎದುರಿನಾಕಿ ಹಿಂದ ಉಳೀತಾಳ. ಲಾಭ ಅಲ್ಲೈತಿ, ತಪ್ಪೂ ಅಲ್ಲೈತಿ. ಸೀಟಿ ಊದಿದ್ರ ‘ಏನಾತು, ಏನಾತು’ ಅಂತ ಮಂದಿ ನಮ್ಮ ಮಕ ನೋಡತಾರ.

ಕಾಕಾ: ಕೆಳಗ ಬಿದ್ರ? ಅವತ್ತ ಒಬ್ಬಾಕಿ ಚೆಂಡು ಅವಚಿಕೊಂಡು ಜಾರಿಕೋತ ಹ್ವಾದ್ಲು, ಮಣಕಾಲು ಕಿತ್ತು ರಕ್ತ ಬಂತು. ಏಳಾಕ ಹ್ವಾದ್ಲು, ಸೀಟಿ. ಏನ್ ನಿರ್ದಯಿ ಕಾಯ್ದೆರಿ ಅದು?

ಮಾಸ್ತರು: ಬಿದ್ದು ಜಾರಿದ್ದು ತಪ್ಪಲ್ಲ. ಚೆಂಡು ಹಿಡಕೊಂಡ ಎದ್ದು ನಿಲ್ಲೂದು, ಉಳ್ಳೂದು ತಪ್ಪು. ಬಿದ್ದಲ್ಲಿಂದನ ಸಂಗಾತಿಗೆ ಎಸದಿದ್ರ ಏನೂ ಆಗತಿದ್ದಿಲ್ಲ. ಇದನ್ನ ಆಟದ ದಿನ ಸೀಟಿಯಿಂದ ಕಲಿಸಬಾರದು. ಸಾಲ್ಯಾಗ ಮೊದಲ ಕಲಿಸಬೇಕು.

ಕಾಕಾ: ನನ್ನ ಹತ್ರ ಪುರಾವೆ ಐತಿ. (ಮೊಬೈಲ್ ತೆಗೆಯುತ್ತಾರೆ.) ಆಕಿ ಅಣ್ಣ ವೀಡಿಯೊ ಹಿಡದಾನ. ನೀವ ನೋಡಿ ಹೇಳ್ರಿ, ಸೀಟಿ ಬರೋಬ್ಬರಿ ಇತ್ತೋ ಇಲ್ಲೋ.

ಮಾಸ್ತರು ಕನ್ನಡಕ ಹಾಕಿಕೊಂಡು ನೋಡಿದರು. ನಿಲ್ಲಿಸಿ ನೋಡಿದರು, ಹಿಂದಕ್ಕೆ ಎಳೆದು ನೋಡಿದರು. ಹುಡುಗಿ ಬಲಬದಿಯಿಂದ ನುಗ್ಗುತ್ತಾಳೆ. ಅಂಗಿಯ ಬೆನ್ನಿನ ಮೇಲಿನ ಅಂಕಿ ಚೆನ್ನಾಗಿ ಕಾಣುತ್ತದೆ. ಬೂಟುಗಳೂ ಕಾಣುತ್ತವೆ. ಚೆಂಡು ಹೊಟ್ಟೆಯ ಮುಂದೆ ಎಲ್ಲೋ ಮರೆಯಾಗಿ, ಮತ್ತೆ ಕಾಣಿಸುವಾಗ ತಲೆಯ ಮೇಲಿದೆ.

ಮಾಸ್ತರು: ಹೇಳಾಕ ಬರೂದಿಲ್ಲ ಕಾಕಾ.

ಕಾಕಾ: ಏನ್ರಿ ಇದು! ಇಪ್ಪತ್ತು ಸಲ ನೋಡಿದ್ರೂ ಹೇಳಾಕ ಬರೂದಿಲ್ಲ? ಆ ಮನಷ್ಯಾ ಒಮ್ಮೆ ನೋಡಿ ಊದಿದ್ನಲ್ಲ?

ಮಾಸ್ತರು: ಆತ ಎಲ್ಲಿ ನಿಂತಿದ್ದ ನೋಡ್ರಿ. ಬೋರ್ಡಿನ ಕೆಳಗ, ಗೆರಿ ಹೊರಗ, ಆಕಿ ಎದುರಿಗೆ. ಆಕಿ ಕೈ ಕಾಣೂ ಜಾಗ ಅದು. ನಿಮ್ಮ ಮೊಮ್ಮಗ ಬೆನ್ನ ಹಿಂದ ನಿಂತು ಹಿಡದಾನ. ಇಬ್ಬರು ರೆಫ್ರಿ ಇದ್ರ ಒಬ್ಬಾಂವ ಹಿಂಗ ಬೋರ್ಡಿನ ಕೆಳಗ, ಇನ್ನೊಬ್ಬಾಂವ ಆಟದ ಹಿಂದ ಇರತಾರ. ದೊಡ್ಡ ಪಂದ್ಯಕ್ಕ ಮೂರು ಮಂದಿ. ಒಬ್ಬರ ಕಣ್ಣಿಗೆ ಮರಿ ಆಗಿದ್ದು ಇನ್ನೊಬ್ಬರಿಗೆ ಕಾಣಲಿ ಅಂತ. 28 ಮೀಟರ್ ಉದ್ದ, 15 ಮೀಟರ್ ಅಗಲ ಅಂಗಳ. ಚೆಂಡಿನ ಬೆನ್ನು ಹತ್ತಿ ಓಡಾಂವ ರೆಫ್ರಿ ಅಲ್ಲ. ಆಡಾಕಿ ಮತ್ತು ತಡ್ಯಾಕಿ, ಇಬ್ಬರ ನಡುವಿನ ಸಂದು ಎಲ್ಲಿಂದ ಕಾಣತೈತಿ ಅಂತ ಮೊದಲ ಹೋಗಿ ನಿಲ್ಲಬೇಕು. ಚೆಂಡು ಒಬ್ಬರ ಕಡೆ ಹೊಂಟಿತು ಅಂದ್ರ, ಅದು ಮುಟ್ಟೂದಕ್ಕ ಮೊದಲ ಆಕಿ ಕಾಲಿನ ಮ್ಯಾಲ ಕಣ್ಣು ಹಾಕಿರಬೇಕು. ಚೆಂಡು ಬಂದ ಮ್ಯಾಲ ಕಾಲು ಹುಡುಕಿದ್ರ ಹೊತ್ತು ಮೀರಿರತೈತಿ.

ಕಾಕಾ: ಅಂದ್ರ ಸೀಟಿ ಸರಿ ಇತ್ತು ಅಂತೀರಿ.

ಮಾಸ್ತರು: ಅದನ್ನೂ ಅನ್ನೂದಿಲ್ಲ. ಎದುರಿಗಿದ್ದ ಅಂತ ಕಂಡಿರತೈತಿ ಅಂತ ಹೆಂಗ ಹೇಳಲಿ? ನಾ ಅಲ್ಲಿರಲಿಲ್ಲ. ಕಾಣದಿದ್ದುದರ ಮ್ಯಾಲ ತೀರ್ಪು ಕೊಡೂದಿಲ್ಲ. ಮೈದಾನದಾಗೂ ಅದ ನನ್ನ ರೀತಿ. ಹಿಡಿತದ ಗಳಿಗಿ ನನಗ ಕಾಣಲಿಲ್ಲ ಅಂದ್ರ ನಾ ಸೀಟಿ ಊದೂದಿಲ್ಲ. ಮೂರು ಹೆಜ್ಜಿ ಇಟ್ಟಂಗ ಕಂಡ್ರೂ ಊದೂದಿಲ್ಲ.

ಕಾಕಾ: ಇದು ನನಗ ಒಪ್ಪಿಗಿ ಇಲ್ಲ. ಅನುಮಾನ ಬಂದ್ರ ಬಿಡೂದಾದ್ರ ಕಳ್ಳರಿಗೆ ಲಾಭ. ತಡ್ಯಾಕಿ ಏನ್ ಪಾಪ ಮಾಡ್ಯಾಳ? ಆಕಿ ನ್ಯಾಯವಾಗಿ ಎದುರಿಗೆ ನಿಂತಾಳ. ಇಕಿ ಒಂದ ಹೆಜ್ಜಿ ಕದ್ದು ದಾಟಿ ಹ್ವಾದ್ಲು. ನೀವು ‘ನನಗ ಕಾಣಲಿಲ್ಲ’ ಅಂತ ಕೂತ್ರ ಕದ್ದಾಕಿಗೆ ಎರಡು ಅಂಕ.

ಮಾಸ್ತರು: ಹೌದು, ಅದು ಖರೇ. ಹಂಗ ಹೋಗತಾವು ಎಷ್ಟೋ. ಆದ್ರ ಇಲ್ಲದ ತಪ್ಪಿಗೆ ಊದಿದ್ರ ನ್ಯಾಯವಾಗಿ ಹಾಕಿದ ಬುಟ್ಟಿ ನಾನ ಕಸಕೊಂಡಂಗ. ಮೊದಲನೇದ್ರಾಗ ಆಟಗಾರ್ತಿ ಕದ್ದಾಳ. ಎರಡನೇದ್ರಾಗ ರೆಫ್ರಿ ಕದ್ದಾನ. ನನ್ನ ಪಾಲಿಗೆ ಎರಡನೇದು ದೊಡ್ಡ ಪಾಪ.

ಕಾಕಾ: ನಿಮ್ಮ ಪಾಲಿಗೆ! ಸೋತವರ ಪಾಲಿಗೆ ಎರಡೂ ಒಂದ.

ಮಾಸ್ತರು ಇದಕ್ಕೆ ಉತ್ತರ ಕೊಡಲಿಲ್ಲ. ಕಾಕಾರ ಮಾತಿನಲ್ಲಿ ಹುರುಳಿದೆ. ಬಿಡುವುದು ಒಂದು ಅಭ್ಯಾಸವಾದರೆ ಮಕ್ಕಳು ಹೆಜ್ಜೆ ಕದಿಯುವುದನ್ನೇ ಕಲಿಯುತ್ತಾರೆ. ಆದರೂ ನಾನು ಮಾಸ್ತರ ಕಡೆಗೇ ವಾಲುತ್ತೇನೆ. ಅಂದಾಜಿನ ಸೀಟಿಗೆ ಮರುದಿನ ಯಾರೂ ಲೆಕ್ಕ ಕೇಳುವುದಿಲ್ಲ, ಆ ಕಾರಣಕ್ಕೇ ಅದು ಅಪಾಯ.

ಕಾಕಾ: ಟೀವ್ಯಾಗ ಅಮೆರಿಕಾದವರ ಆಟ ತೋರಸ್ತಾರ. ಅವರು ನಾಕು ಹೆಜ್ಜಿ ನಡೀತಾರ, ಯಾರೂ ಕೇಳೂದಿಲ್ಲ. ದೊಡ್ಡವರಿಗೊಂದು ನ್ಯಾಯ, ಸಾಲೋಟಗಿ ಹುಡುಗಿಗೊಂದು ನ್ಯಾಯ.

ಮಾಸ್ತರು: ಅವರಲ್ಲೂ ಕೆಲವು ಬಿಟ್ಟು ಹೋಗತಾವು, ಸುಳ್ಳಲ್ಲ. ಆದ್ರ ಅವರ ಸೊಗಸು ಎಲ್ಲೈತಿ ಗೊತ್ತೇನ್ರಿ? ಚೆಂಡನ್ನ ಹಿಡಿತಕ್ಕ ತಗೊಳ್ಳೂದನ್ನ ಕಡೀ ಗಳಿಗಿತನ ತಡಾ ಮಾಡತಾರ. ಕೈ ಚೆಂಡಿನ ಬಾಜೂಕ ಇರತೈತಿ, ಕೆಳಗ ಹೋಗಿರೂದಿಲ್ಲ. ಕಾಲು ನಡದಿರತಾವು, ಎಣಿಕಿ ಇನ್ನೂ ಶುರು ಆಗಿರೂದಿಲ್ಲ. ನಾಕು ಕಂಡಿದ್ದು ಲೆಕ್ಕದಾಗ ಎರಡ ಇರತೈತಿ. ಅವರ ಎನ್‌ಬಿಎ ಲೀಗಿನ ಪುಸ್ತಕ ಬ್ಯಾರೆ, ನಮ್ಮ ಪುಸ್ತಕ ಬ್ಯಾರೆ. ನಾವು ಆಡೂದು ಅಂತರರಾಷ್ಟ್ರೀಯ ಒಕ್ಕೂಟದ, ಅಂದ್ರ ಫಿಬಾ ನಿಯಮ. ಅದರಾಗ ಈ ಸೊನ್ನಿ ಹೆಜ್ಜಿ ಬಂದಿದ್ದು 2017ರ ಅಕ್ಟೋಬರ್ 1ರಿಂದ.

ಕಾಕಾ: ಅದಕ್ಕೂ ಮೊದಲ?

ಮಾಸ್ತರು: ಓಡಿಕೋತ ಬಂದಾಕಿ ಒಂದು ಕಾಲು ನೆಲದ ಮ್ಯಾಲಿದ್ದಾಗ ಚೆಂಡು ಹಿಡದ್ರ ಆ ಕಾಲ ಪಿವಟ್ ಆಗತಿತ್ತು. ಅದನ್ನ ಎತ್ತಿ ಎಗರಬಹುದಿತ್ತು, ತಿರುಗಿ ನೆಲಕ್ಕ ಇಡಾಕ ಬರತಿದ್ದಿಲ್ಲ. ಅದ ವರ್ಷ ಜುಲೈದಾಗ ಬೆಂಗಳೂರಿನ ಕಂಠೀರವದಾಗ ಮಹಿಳಾ ಏಷ್ಯಾ ಕಪ್ ‘ಬಿ’ ವಿಭಾಗದ ಫೈನಲ್ ನಡೀತು. ನಮ್ಮ ದೇಶದ ಹುಡಿಗ್ಯಾರು ಕಜಾಕಿಸ್ತಾನದ ಮ್ಯಾಲ 75–73ರಾಗ ಗೆದ್ರು. ಎರಡ ಅಂಕ! ಅದು ಹಳೇ ಲೆಕ್ಕದಾಗ ಆಡಿದ್ದು. ಎರಡು ತಿಂಗಳು ಕಳದು ಲೆಕ್ಕ ಬದಲಾತು.

ಕಾಕಾ: ನೋಡ್ರಿ, ನಮ್ಮೂರ ಕಂಬದ ಶಾಸನ 945ನೇ ಇಸವೀದು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಇಲ್ಲಿ ಸಾಲಿ ಕಟ್ಟಿಸಿದ, ದೂರದೂರದಿಂದ ಬಂದು ಓದೂ ಹುಡುಗೂರಿಗೆ 27 ಮನಿ ಇದ್ವು, ದೀಪಕ್ಕ ಇಷ್ಟು ಹೊಲ, ಗುರುವಿಗೆ ಇಷ್ಟು ಹೊಲ ಅಂತ ಕೆತ್ತ್ಯಾರ. ಕೆತ್ತಿದ್ದು ಸಾವಿರ ವರ್ಷ ಆದ್ರೂ ಹಂಗ ಐತಿ. ನಿಮ್ಮ ಕಾಯ್ದೆ ವರ್ಷಕ್ಕೊಮ್ಮೆ ಬದಲಾದ್ರ ಹುಡುಗೂರು ಏನ್ ಕಲೀಬೇಕು?

ಮಾಸ್ತರು: ಕಲ್ಲಿನ ಮ್ಯಾಲ ಕೆತ್ತಿಲ್ಲ ಅನ್ನೂದು ದುಃಖ ಅಲ್ಲ ಕಾಕಾ. ಪುಸ್ತಕದಾಗ ಬದಲಾಗೈತಿ, ಕೆಲವರ ಸೀಟ್ಯಾಗ ಬದಲಾಗಿಲ್ಲ, ಅದು ದುಃಖ. 2017ಕ್ಕ ಮೊದಲ ಕಲಿತ ನಮ್ಮವರು ಕೆಲವರು ಇನ್ನೂ ಹಳೇ ಲೆಕ್ಕದಾಗ ಊದತಾರ. ಹುಡಿಗ್ಯಾರು ಮೊಬೈಲ್ ನೋಡಿ ಹೊಸ ಹೆಜ್ಜಿ ಕಲ್ತು ಬಂದಿರತಾರ. ಒಂದ ಮೈದಾನದಾಗ ಎರಡು ಕಾಯ್ದೆ. ನಿಮ್ಮ ಮೊಮ್ಮಗಳದ್ದು ಹಂಗ ಆಗಿರಬಹುದು, ಆಗದನೂ ಇರಬಹುದು.

ಕಾಕಾ: ನಾ ಮಾಡೂದೇನೀಗ?

ಮಾಸ್ತರು: ಮೊಮ್ಮಗಳಿಗೆ ಹೇಳ್ರಿ, ಟ್ರಾವೆಲಿಂಗ್‌ಗೆ ದಂಡ ದೊಡ್ಡದಿಲ್ಲ. ಫೌಲ್ ಲೆಕ್ಕಕ್ಕ ಬರೂದಿಲ್ಲ, ಎದುರಿನವರಿಗೆ ಫ್ರೀ ಥ್ರೋ ಸಿಗೂದಿಲ್ಲ. ಚೆಂಡು ಅವರಿಗೆ ಹೋಗತೈತಿ, ಗೆರಿ ಹೊರಗಿಂದ ಒಳಗ ಎಸೀತಾರ, ಅಷ್ಟ. ಅಳೂದು ಬಿಟ್ಟು ಹಿಂದ ಓಡಿ ತಡೀಲಿ. ನೀವು ಮುಂದಿನ ಪಂದ್ಯಕ್ಕ ಬೋರ್ಡಿನ ಬಾಜೂಕ ಕುಂಡ್ರಿ, ಆಕಿ ಕೈ ಕಾಣೂ ಹಂಗ. ಚೀರೂದಕ್ಕ ಮೊದಲ ಕೈ ನೋಡ್ರಿ.

ಕಾಕಾ: ಕೈ ನೋಡಿ, ಸರಿ ಇದ್ದು, ಆದ್ರೂ ಊದಿದ್ರ?

ಮಾಸ್ತರು: ಆವಾಗ ಚೀರ್ರಿ.

ಶಾಲಾ ಪಂದ್ಯಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ. ತಾಲ್ಲೂಕು ಮಟ್ಟದ ಮೊದಲ ಪಂದ್ಯದ ಬೆಳಿಗ್ಗೆ, ಹಾರ-ತುರಾಯಿಗೆ ಎತ್ತಿಡುವ ಸಮಯದಲ್ಲಿ ಹತ್ತು ನಿಮಿಷ ಉಳಿಸಿ, ಸೀಟಿ ಹಿಡಿಯುವ ಎಲ್ಲರನ್ನೂ ಎರಡೂ ತಂಡದ ಮಕ್ಕಳ ಎದುರು ನಿಲ್ಲಿಸಿ, ಜೀರೋ ಸ್ಟೆಪ್ ಅನ್ನು ಒಮ್ಮೆ ನಡೆದು ತೋರಿಸಲು ಹೇಳಿ.